ಸಿಗ್ನಲ್ ಫುಲ್, ನೆಟ್ ನಿಲ್

ಮನೆಯಲ್ಲಿ ನೆಟ್ ಹೋದ ಕೂಡಲೇ ಒಂದು ರೂಮಿನಿಂದ ಇನ್ನೊಂದು ರೂಮಿಗೆ ಕೂಗು ಹೋಗುತ್ತದೆ: ‘ನಿಂಗೆ ಬರ್ತಿದ್ಯಾ?’ ಸುಮ್ನೆ ಬಾಯಿಗೆ ಬಂದ ಮಾತು. ಆದರೂ ಇದಕ್ಕಿಂತ ಒಳ್ಳೆಯ ತಪಾಸಣೆ ಇಲ್ಲ. ‘ನಂಗೂ ಇಲ್ಲ’ ಅಂತ ಉತ್ತರ ಬಂದರೆ ರೂಟರ್ ಕೈಕೊಟ್ಟಿರಬೇಕು, ಇಲ್ಲವೇ ಅದರಾಚೆಯ ಲೈನ್. ‘ನಂಗೆ ಬರ್ತಿದೆಯಲ್ಲ!’ ಅಂತ ಬಂದರೆ ದೋಷ ಹೆಚ್ಚಾಗಿ ನಮ್ಮ ಕೈಲಿರುವ ಯಂತ್ರದ್ದೇ. ಈ ಎರಡನೇ ಉತ್ತರಕ್ಕೆ ಯಾಕೋ ಸಿಟ್ಟು ಜಾಸ್ತಿ ಬರುತ್ತದೆ. ಹೋದರೆ ಎಲ್ಲರಿಗೂ ಹೋಗಲಿ, ಅಲ್ವಾ?

ಆಮೇಲೆ ಕಣ್ಣು ಹೋಗುವುದು ವೈಫೈ ಗುರುತಿನ ಮೇಲೆ. ಗೆರೆಗಳೆಲ್ಲ ತುಂಬಿಕೊಂಡಿವೆ. ಪಾಪ, ಅವಕ್ಕೆ ಗೊತ್ತಿರುವುದು ನಮ್ಮ ಯಂತ್ರಕ್ಕೂ ರೂಟರಿಗೂ ನಡುವಿನ ವಿಷಯ ಮಾತ್ರ. ರೂಟರಿನಾಚೆ ಕೇಬಲ್ ತುಂಡಾಗಿ ಬಿದ್ದಿದ್ದರೂ ಅವು ಹಾಗೇ ತುಂಬಿಕೊಂಡಿರುತ್ತವೆ. ಇನ್ನು ‘ಇಂಟರ್‌ನೆಟ್ ಇಲ್ಲ’ ಅಂತ ವಿಂಡೋಸ್ ಹೇಳುತ್ತದಲ್ಲ, ಅದಕ್ಕೆ ಹೇಗೆ ಗೊತ್ತಾಯಿತು? ಮೈಕ್ರೋಸಾಫ್ಟ್‌ನ ಸರ್ವರ್ ಒಂದರಿಂದ ಒಂದು ಪುಟ್ಟ ಫೈಲನ್ನು ಅದು ತನ್ನಷ್ಟಕ್ಕೆ ತರಿಸಿ ನೋಡುತ್ತದೆ. ಬಂದರೆ ನೆಟ್ ಇದೆ, ಬರದಿದ್ದರೆ ಇಲ್ಲ. ಅಂದರೆ ಅದೂ ಒಂದು ಅಂದಾಜೇ. ಇಷ್ಟೆಲ್ಲ ಯೋಚಿಸುವಷ್ಟರಲ್ಲಿ ಯಾರಾದರೂ ‘ಆಫ್ ಮಾಡಿ ಆನ್ ಮಾಡು’ ಅಂದಿರುತ್ತಾರೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಅದರ ಮೇಲೆ ನನಗೊಂದು ತಕರಾರಿದೆ.

ಒಂದೇ ಸಂಪರ್ಕವನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವುದರಲ್ಲೇ ಈ ತಾಪತ್ರಯದ ಬೇರಿದೆ. ಮನೆಗಳಲ್ಲಿ ರೂಟರ್ ಮಾಮೂಲಿ ಆಗುವ ಮೊದಲು ಒಂದು ಕಂಪ್ಯೂಟರೇ ಈ ಹಂಚುವ ಕೆಲಸ ಮಾಡುತ್ತಿತ್ತು. 1999ರಲ್ಲಿ ಬಂದ ವಿಂಡೋಸ್ 98ರ ಎರಡನೇ ಆವೃತ್ತಿ ಆ ಸೌಲಭ್ಯ ಕೊಟ್ಟಿತು. ಹೊರಗಿನ ಲೈನಿಗೆ ಸೇರಿಸುವ ಮೋಡೆಮ್ ಇದ್ದ ಕಂಪ್ಯೂಟರೇ ಯಜಮಾನ. ಅದರ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ನಂಬರು, 192.168.0.1. ಉಳಿದವೆಲ್ಲ ಅದರ ಬೆನ್ನ ಹಿಂದೆ. ಯಜಮಾನನ ಮುಂದೆ ಕೂತವರು ತಮ್ಮ ಕೆಲಸ ಮುಗಿಸಿ, ಶಟ್‌ಡೌನ್ ಮಾಡಿ ಎದ್ದರೆ ಇಡೀ ಮನೆಗೆ ನೆಟ್ ಕಟ್. ಶಟ್‌ಡೌನ್ ಬೇಡ, ಕರೆಂಟ್ ಉಳಿಸಲು ಅದು ತಾನೇ ನಿದ್ದೆಗೆ ಜಾರಿದರೂ ಸಾಕಿತ್ತು. ಪಕ್ಕದ ರೂಮಿನವರು ತಮ್ಮ ಯಂತ್ರವನ್ನು ಎಷ್ಟು ಕೆದಕಿದರೂ ತಪ್ಪು ಸಿಗುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಈಗ ಯಜಮಾನಿಕೆ ರೂಟರಿನದ್ದು. ಕೆಲಸ ಮಾತ್ರ ಅದೇ. ಮನೆಯೊಳಗಿನ ಒಂದೊಂದು ಯಂತ್ರಕ್ಕೂ ಒಂದೊಂದು ವಿಳಾಸ ಕೊಡುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು 192.168 ಅಂತಲೇ ಶುರು. ಇಂಥ ಖಾಸಗಿ ವಿಳಾಸಗಳು ಯಾವುವು ಎಂಬ ನಿಯಮ 1996ರದ್ದು. ಅದೇ ನಂಬರನ್ನು ಲೋಕದ ಲೆಕ್ಕವಿಲ್ಲದಷ್ಟು ಮನೆಗಳು ಬಳಸುತ್ತಿದ್ದರೂ ಜಗಳವಿಲ್ಲ, ಯಾಕಂದ್ರೆ ಅದು ಹೊಸಿಲು ದಾಟುವುದಿಲ್ಲ. ಹೊರಗಿನ ಲೋಕಕ್ಕೆ ರೂಟರಿನ ವಿಳಾಸವೊಂದೇ ಕಾಣುವುದು. ಒಳಗಿನಿಂದ ಯಾರು ಏನು ಕೇಳಿದರು ಅಂತ ಅದು ಲೆಕ್ಕ ಇಟ್ಟುಕೊಂಡು, ಬಂದದ್ದನ್ನು ಅವರವರಿಗೆ ತಲುಪಿಸುತ್ತದೆ.

ಹಾಗಾಗಿ ಕೆಟ್ಟಾಗ ಮೊದಲು ನೋಡಬೇಕಾದದ್ದು ನಮ್ಮ ಯಂತ್ರಕ್ಕೆ ಸಿಕ್ಕಿರುವ ವಿಳಾಸ. 192.168 ಇರಬೇಕಾದ ಕಡೆ 169.254 ಅಂತ ಶುರುವಾಗುವ ನಂಬರ್ ಕಂಡರೆ ಅರ್ಧ ಉತ್ತರ ಸಿಕ್ಕಂತೆ. ವಿಳಾಸ ಕೇಳಿ ಕೇಳಿ, ಯಾರೂ ಕೊಡದಿದ್ದಾಗ, ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ. ಅಂದರೆ ಅದರ ಕೂಗು ರೂಟರಿನವರೆಗೂ ಹೋಗಿಲ್ಲ, ಇಲ್ಲವೇ ರೂಟರ್ ಓಗೊಟ್ಟಿಲ್ಲ. ಅಲ್ಲಿಂದಾಚೆಯ ಲೈನ್ ನೋಡಿ ಪ್ರಯೋಜನವಿಲ್ಲ.

ಯಂತ್ರ ವೈಫೈ ಬದಲು ಕೇಬಲ್‌ನಿಂದ ರೂಟರಿಗೆ ಸೇರಿದ್ದರೆ, ಆಗ ಆ ಕೇಬಲ್ ಹಿಡಿದು ನೋಡಬೇಕು. ಅದರ ತುದಿಯ ಪಾರದರ್ಶಕ ಪ್ಲಾಸ್ಟಿಕ್ ತಲೆಯ ಮೇಲೆ ಉಗುರಿನಷ್ಟೇ ಒಂದು ನಾಲಿಗೆ ಇರುತ್ತದೆ. ಒಳಗೆ ತಳ್ಳಿದಾಗ ಟಕ್ ಅನ್ನುವುದು ಅದೇ. ನಾಕು ಸಲ ಎಳೆದಾಡಿದರೆ ಅದು ಮುರಿಯುತ್ತದೆ. ಮುರಿದ ಮೇಲೂ ಕೇಬಲ್ ತೂತಿನಲ್ಲಿ ಕೂರುತ್ತದೆ, ನೋಡಲು ನೆಟ್ಟಗೇ ಇರುತ್ತದೆ. ಯಾರೋ ಕಾಲು ಚಾಚಿದಾಗ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ, ಪಕ್ಕದ ಪುಟ್ಟ ದೀಪ ಆರುತ್ತದೆ. ಕಸ ಗುಡಿಸುವಾಗ ತಾಗಿದರೆ ಮತ್ತೆ ಹತ್ತಿಕೊಳ್ಳುತ್ತದೆ. ‘ಒಂದೊಂದ್ಸಲ ಬರುತ್ತೆ, ಒಂದೊಂದ್ಸಲ ಹೋಗುತ್ತೆ’ ಎನ್ನುವ ದೂರುಗಳಲ್ಲಿ ಈ ನಾಲಿಗೆಯ ಪಾಲು ಸಣ್ಣದಲ್ಲ ಅಂತ ನನ್ನ ಗುಮಾನಿ.

ಇನ್ನೊಂದು ತಮಾಷೆ, ಮನೆಯಲ್ಲಿ ಎರಡು ರೂಟರ್. ಮೂಲೆಯ ರೂಮಿಗೂ ಸಿಗ್ನಲ್ ಬರಲಿ ಅಂತ ಹಳೇ ರೂಟರನ್ನು ಕಪಾಟಿನಿಂದ ತೆಗೆದು ಹೊಸದಕ್ಕೆ ಸಿಕ್ಕಿಸುತ್ತಾರೆ. ಅದರ ಸೆಟ್ಟಿಂಗ್ ಬದಲಿಸದೆ ಸಿಕ್ಕಿದ ತೂತಿಗೆ ಚುಚ್ಚಿದರೆ ಅದೂ ವಿಳಾಸ ಹಂಚಲು ಕೂರಬಹುದು. ಹಳೆಯದರ ಕೈಯಿಂದ ವಿಳಾಸ ಪಡೆದ ಫೋನು ಲೋಕದ ದಾರಿ ಕೇಳುವುದೂ ಅದನ್ನೇ. ಅದಕ್ಕೆ ಹೊರಗಿನ ಲೈನೇ ಇಲ್ಲ! ಹೊಸದರಿಂದ ಪಡೆದವರಿಗೆ ಮಾತ್ರ ನೆಟ್ ಬರುತ್ತದೆ. ಯಾರಿಗೆ ಯಾವುದು ಸಿಗುತ್ತದೋ ಹೇಳುವವರಿಲ್ಲ.

ಇದ್ಯಾವುದೂ ಅಲ್ಲವಾದರೆ ಪಿಂಗ್. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬವರು ಬರೆದ ಪುಟಾಣಿ ಪ್ರೋಗ್ರಾಮ್ ಅದು. ‘ಇದ್ದೀಯಾ?’ ಅಂತ ಕೇಳುತ್ತದೆ, ‘ಇದ್ದೀನಿ’ ಅನ್ನುವ ಉತ್ತರಕ್ಕೆ ಕಾಯುತ್ತದೆ. ಮೊದಲು ರೂಟರನ್ನು ಕೇಳಬೇಕು. ಅದು ಓಗೊಟ್ಟರೆ ಮನೆಯೊಳಗೆ ಎಲ್ಲ ಸರಿ. ಆಮೇಲೆ 8.8.8.8ನ್ನು ಕೇಳಬೇಕು. ಅದು ಗೂಗಲ್‌ನ ಸರ್ವರಿನ ವಿಳಾಸ. ಅದೂ ಓಗೊಟ್ಟು, ಬ್ರೌಸರಿನಲ್ಲಿ ಮಾತ್ರ ಒಂದು ಪುಟವೂ ತೆರೆಯದಿದ್ದರೆ? ಹೆಚ್ಚಾಗಿ ಡಿಎನ್‌ಎಸ್ ಕೆಟ್ಟಿದೆ. ದಾರಿ ಇದೆ, ನಾವು ಟೈಪ್ ಮಾಡಿದ ಸೈಟಿನ ಹೆಸರನ್ನು ವಿಳಾಸದ ನಂಬರು ಮಾಡಿಕೊಡುವವರಿಲ್ಲ ಅಷ್ಟೇ; ಡಿಎನ್‌ಎಸ್‌ನ ಕೆಲಸ ಅದೇ. ‘ನೆಟ್ ಹೋಯ್ತು’ ಅಂತ ಕೂಗಿದ್ದೆವಲ್ಲ, ಅದು ಎಲ್ಲೂ ಹೋಗಿಲ್ಲ.

ಈಗ ಆಫ್-ಆನ್ ವಿಷಯ. ಅದು ಕೆಲಸ ಮಾಡುತ್ತದೆ, ಅದನ್ನು ಅಲ್ಲಗಳೆಯಲಾರೆ. ರೂಟರ್ ಅಂದರೆ ಅದೂ ಒಂದು ಸಣ್ಣ ಕಂಪ್ಯೂಟರ್. ದಿನಗಟ್ಟಲೆ ಓಡಿ ಓಡಿ ಅದರ ನೆನಪಿನಲ್ಲಿ ಗೋಜಲು ತುಂಬಿರುತ್ತದೆ. ಕರೆಂಟ್ ತೆಗೆದು ಅರ್ಧ ನಿಮಿಷ ಬಿಟ್ಟರೆ ಆ ಗೋಜಲನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುತ್ತದೆ. ನನ್ನ ತಕರಾರು ಇಷ್ಟೇ: ಕಾಯಿಲೆಯ ಜೊತೆ ಅದರ ಗುರುತೂ ಅಳಿಸಿಹೋಗುತ್ತದೆ. ವಿಳಾಸ ತಪ್ಪಿತ್ತಾ, ಡಿಎನ್‌ಎಸ್ ಸತ್ತಿತ್ತಾ, ಕೈ ತಾಗಿ ಕೇಬಲ್ ಸರಿಯಾಗಿ ಕೂತಿತಾ, ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಅದೇ ಹೊತ್ತಿಗೆ ಅದೇ ಗೋಳು.

ಅದಕ್ಕೇ ನಾನು ರೂಟರ್ ಮುಟ್ಟುವ ಮೊದಲು ಲ್ಯಾಪ್‌ಟಾಪ್ ತೆಗೆದು, ಕಮಾಂಡ್ ಟೈಪ್ ಮಾಡುವ ಆ ಕಪ್ಪು ಕಿಟಕಿ ತೆರೆದು, ಪಿಂಗ್ ಟೈಪ್ ಮಾಡಲು ಕೂರುತ್ತೇನೆ. ಮೊದಲನೇ ಉತ್ತರ ಬರುತ್ತದೆ. ಎರಡನೆಯದೂ ಬರುತ್ತದೆ. ಮೂರನೆಯದಕ್ಕೆ ಕಾಯುವಷ್ಟರಲ್ಲಿ ಮನೆಯವರೊಬ್ಬರು ಹೋಗಿ ಸ್ವಿಚ್ ಆರಿಸಿ, ಮತ್ತೆ ಹಾಕಿ, ‘ಅಷ್ಟೇ ನೋಡು, ಬಂತು’ ಅಂದುಬಿಟ್ಟಿರುತ್ತಾರೆ.