ಪೂಲ್ ನೀರು: ದಿನವೂ ಬರುವವರು, ವಾರಕ್ಕೊಮ್ಮೆ ಬರುವವರು ಮತ್ತು ನಾವು

ನಮ್ಮ ಕಡೆ ಈಜುಕೊಳದ ನೀರು ಈಜುವವರ ತಲೆನೋವಲ್ಲ. ಅದಕ್ಕೆ ಅಂತಲೇ ಒಬ್ಬರು ಇರುತ್ತಾರೆ. ಬೆಳಗ್ಗೆ ಬಲೆ ಹಾಕಿ ಎಲೆ ತೆಗೆಯುತ್ತಾರೆ, ಪಂಪ್ ಹಾಕುತ್ತಾರೆ, ಒಂದಿಷ್ಟು ಪೌಡರ್ ಎರಚುತ್ತಾರೆ. ನಾವು ಟವೆಲ್ ಹಿಡಿದು ಹೋದರೆ ಸಾಕು. ಹೊರನಾಡಿನಲ್ಲಿ ಹಿತ್ತಲಲ್ಲಿ ಪೂಲ್ ಇರುವ ಮನೆ ಸಿಕ್ಕಿದ ಮೇಲೆ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಇಲ್ಲಿ ಎರಡು ಪಂಗಡ. ವಾರಕ್ಕೊಮ್ಮೆ ಸರ್ವಿಸ್‌ನವರನ್ನು ಕರೆಸುವವರು ಒಂದು, ನೀರು ಪರೀಕ್ಷಿಸುವ ಕಿಟ್ ಇಟ್ಟುಕೊಂಡು ತಾವೇ ನೋಡಿಕೊಳ್ಳುವವರು ಇನ್ನೊಂದು. ನಾನಂತೂ ಎರಡನೆಯವರ ಕಡೆ.

ಇದು ಖರ್ಚಿನ ಲೆಕ್ಕಾಚಾರವಲ್ಲ. ವಿಷಯ ಇರುವುದು ಸಯನ್ಯೂರಿಕ್ ಆಸಿಡ್‌ನಲ್ಲಿ. ಬಿಸಿಲಿಗೆ ಕ್ಲೋರಿನ್ ನಿಲ್ಲುವುದಿಲ್ಲ. ಬರೀ ಕ್ಲೋರಿನ್ ಹಾಕಿದರೆ ಸುಡುಬಿಸಿಲಲ್ಲಿ ಕೆಲವೇ ಗಂಟೆಗಳಲ್ಲಿ ಬಹುಪಾಲು ಹೋಗಿಬಿಡುತ್ತದೆ. ಅದನ್ನು ಕಾಯಲು 30ರಿಂದ 50 ಪಿಪಿಎಂ (ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ) ಸಯನ್ಯೂರಿಕ್ ಬೇಕು. ಆದರೆ ಅದು ಕ್ಲೋರಿನ್‌ನ ಕೈಯನ್ನೂ ಕಟ್ಟಿಹಾಕುತ್ತದೆ. ಅದು ಜಾಸ್ತಿಯಾದಷ್ಟೂ ಪಾಚಿ ಕೊಲ್ಲುವ ಕೆಲಸ ನಿಧಾನವಾಗುತ್ತದೆ. ತಾವೇ ನೀರು ನೋಡಿಕೊಳ್ಳುವವರು ಒಂದು ಅಂದಾಜು ಇಟ್ಟುಕೊಂಡಿರುತ್ತಾರೆ: ಫ್ರೀ ಕ್ಲೋರಿನ್, ಅಂದರೆ ಇನ್ನೂ ಕೆಲಸಕ್ಕೆ ಸಿಗುವ ಕ್ಲೋರಿನ್, ಸಯನ್ಯೂರಿಕ್‌ನ ಶೇ. 7.5ರಷ್ಟಾದರೂ ಇರಬೇಕು. ಸಯನ್ಯೂರಿಕ್ 40 ಇದ್ದರೆ ಕ್ಲೋರಿನ್ 3 ಸಾಕು. 100 ಆದರೆ 7.5 ಬೇಕು. ಹಾಗಾಗಿ 'ಕ್ಲೋರಿನ್ 2 ಇದೆ, ನೀರು ಚೆನ್ನಾಗಿದೆ' ಅನ್ನುವ ಮಾತಿಗೆ ಅರ್ಥವೇ ಇಲ್ಲ. ಸಯನ್ಯೂರಿಕ್ ಎಷ್ಟಿದೆ ಅಂತ ಮೊದಲು ಹೇಳಬೇಕಲ್ವಾ?

ವಾರಕ್ಕೊಮ್ಮೆ ಬರುವವರು ಮಾತ್ರೆ ಇಟ್ಟು ಹೋಗುತ್ತಾರೆ. ನಿಧಾನವಾಗಿ ಕರಗುವ ಟ್ರೈಕ್ಲೋರ್, ಕ್ಲೋರಿನ್ ಮತ್ತು ಸಯನ್ಯೂರಿಕ್ ಎರಡೂ ಸೇರಿರುವ ಮಾತ್ರೆ. ಅದು ನೀರಿಗೆ 10 ಪಿಪಿಎಂ ಕ್ಲೋರಿನ್ ಕೊಟ್ಟರೆ, ಜೊತೆಗೆ ಸುಮಾರು 6 ಪಿಪಿಎಂ ಸಯನ್ಯೂರಿಕ್ ಕೂಡ ಸೇರಿಸುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಸಯನ್ಯೂರಿಕ್ ಉಳಿಯುತ್ತದೆ. ನೀರು ಆವಿಯಾದರೂ ಅದು ಹೋಗುವುದಿಲ್ಲ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಬೇಕು ಅಂದುಕೊಳ್ಳಿ. ತಿಂಗಳಿಗೆ 36 ಪಿಪಿಎಂ ಸಯನ್ಯೂರಿಕ್ ಸೇರಿತು. ಮೂರು ತಿಂಗಳಾದರೆ ನೂರು ದಾಟಿತು. ಆಮೇಲೆ 'ಮಾತ್ರೆ ಹಾಕ್ತಾನೇ ಇದ್ದೀವಿ, ಆದರೂ ನೀರು ಹಸಿರಾಗ್ತಿದೆ' ಅನ್ನುವ ಗೋಳು. ಆಗ ಅರ್ಧ ನೀರು ಖಾಲಿ ಮಾಡಿ ಹೊಸದು ತುಂಬುವುದು ಬಿಟ್ಟು ಸುಲಭದ ದಾರಿ ಇಲ್ಲ. ಸರ್ವಿಸ್‌ನವರನ್ನು ಬೈದು ಪ್ರಯೋಜನವಿಲ್ಲ ಬಿಡಿ. ವಾರಕ್ಕೊಮ್ಮೆ ಬರುವವರು ಮಾತ್ರೆಯಲ್ಲದೆ ಇನ್ನೇನು ಇಡಬೇಕು? ದ್ರವ ಕ್ಲೋರಿನ್ ಸಯನ್ಯೂರಿಕ್ ಸೇರಿಸುವುದಿಲ್ಲ ನಿಜ, ಆದರೆ ಅದನ್ನು ದಿನವೂ ಹಾಕಬೇಕು.

ನಮ್ಮ ಕಡೆಯ ರೀತಿ ಮೇಲು ಅನಿಸುವುದು ಇಲ್ಲೇ. ದಿನವೂ ಬಂದು, ದಿನವೂ ಸ್ವಲ್ಪ ಸ್ವಲ್ಪ ಹಾಕುವುದು. ನೀರಿಗೆ ಬೇಕಾದದ್ದೂ ಅದೇ. ಕೊರತೆ ಇರುವುದು ಅಳತೆಯಲ್ಲಿ. ಕೈಯಲ್ಲಿರುವುದು ಹಳದಿ ಬಣ್ಣ ಬರುವ ಒಂದು ಬಾಟಲಿ, ಅಷ್ಟೇ. ಅದು ತೋರಿಸುವುದು ಒಟ್ಟು ಕ್ಲೋರಿನ್. ಬೆವರು, ಮೂತ್ರದ ಜೊತೆ ಸೇರಿ ಕೆಲಸಕ್ಕೆ ಬಾರದಂತಾದ ಕ್ಲೋರಿನ್ ಕೂಡ ಅದರಲ್ಲೇ ಎಣಿಕೆಯಾಗುತ್ತದೆ. ಮೂಗಿಗೆ ಬಡಿಯುವ 'ಪೂಲ್ ವಾಸನೆ' ಅದರದ್ದೇ. ಕಣ್ಣು ಉರಿಸುವುದೂ ಬಹುಪಾಲು ಅದೇ. ವಾಸನೆ ಬಂದರೆ ನೀರು ಶುದ್ಧ ಅಂತ ತಿಳಿದವರು ಎಷ್ಟು ಜನ! ಚೆನ್ನಾಗಿರುವ ನೀರಿಗೆ ವಾಸನೆ ಇರುವುದೇ ಇಲ್ಲ ಅನ್ನಬಹುದು.

ಹಾಗಾಗಿ ಕೆಮಿಕಲ್ ಕೊಳ್ಳುವ ಮೊದಲು ಹನಿ ಎಣಿಸುವ ಕಿಟ್ ಕೊಳ್ಳಿ. ಬಣ್ಣದ ಪಟ್ಟಿ ಬೇಡ. 'ಇದು ತಿಳಿ ಗುಲಾಬಿಯೋ, ಗುಲಾಬಿಯೋ' ಅಂತ ಕಣ್ಣು ಕಿರಿದು ಮಾಡಿ ನೋಡುವುದೇ ಆಗುತ್ತದೆ. ಕಿಟ್‌ನಲ್ಲಿ 10 ಮಿಲಿ ನೀರಿಗೆ ಪುಡಿ ಹಾಕಿದರೆ ನೀರು ಗುಲಾಬಿಯಾಗುತ್ತದೆ. ಆಮೇಲೆ ಕಿಟ್‌ನಲ್ಲಿರುವ ದ್ರವದ ಬಾಟಲಿ ನೆಟ್ಟಗೆ ಹಿಡಿದು ಒಂದೊಂದೇ ಹನಿ ಬಿಟ್ಟು ಅಲ್ಲಾಡಿಸಬೇಕು. ಒಂದು ಹನಿಗೆ 0.5 ಪಿಪಿಎಂ. ಏಳನೇ ಹನಿಗೆ ಬಣ್ಣ ಪೂರ್ತಿ ಹೋಯಿತು ಅಂದರೆ 3.5. ಸಯನ್ಯೂರಿಕ್‌ಗೆ ಬೇರೆ ಕೊಳವೆ ಇದೆ, ತಳದಲ್ಲಿ ಕಪ್ಪು ಚುಕ್ಕೆ. ಬಿಸಿಲಿಗೆ ಬೆನ್ನು ಹಾಕಿ ನಿಂತು, ಕಿಟ್‌ನ ದ್ರವ ಬೆರೆಸಿ ಮಸುಕಾದ ನೀರನ್ನು ನಿಧಾನಕ್ಕೆ ಸುರಿಯಬೇಕು. ಚುಕ್ಕೆ ಕಾಣದಾದ ಮಟ್ಟದ ಅಂಕೆಯೇ ಉತ್ತರ.

ಮಿಕ್ಕಿದ್ದು ಕೂಡು-ಗುಣಿಸು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳ ಅಂದರೆ 48,000 ಲೀಟರ್. 1 ಪಿಪಿಎಂ ಏರಿಸಲು 48 ಗ್ರಾಂ ಕ್ಲೋರಿನ್ ಬೇಕು. ಅಂದರೆ ಶೇ. 12.5ರ ದ್ರವ ಕ್ಲೋರಿನ್ 400 ಮಿಲಿಗೆ ಒಂಚೂರು ಕಡಿಮೆ. ಸಂಜೆ ಹೊತ್ತು, ಪಂಪ್ ಓಡುತ್ತಿರುವಾಗ ನೀರು ಬರುವ ಬಾಯಿಯ ಹತ್ತಿರ ಸುರಿಯಿರಿ.

ಪಿಹೆಚ್ 7.2ರಿಂದ 7.8ರ ಒಳಗಿದ್ದರೆ ಸುಮ್ನೆ ಬಿಟ್ಟುಬಿಡಿ. ಅಡುಗೆ ಸೋಡಾ ಹಾಕಿ ಆಲ್ಕಲಿನಿಟಿ (ಆಸಿಡ್ ಬಿದ್ದರೂ ಪಿಹೆಚ್ ಥಟ್ಟನೆ ಇಳಿಯದಂತೆ ತಡೆಯುವ ನೀರಿನ ಗುಣ) ಏರಿಸುವುದು, ಅದರಿಂದ ಪಿಹೆಚ್ ಏರಿತು ಅಂತ ಆಸಿಡ್ ಸುರಿಯುವುದು, ಮತ್ತೆ ಸೋಡಾ. ಈ ಆಟ ಆಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಆಲ್ಕಲಿನಿಟಿ ಜಾಸ್ತಿ ಇದ್ದರೆ ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತಾ ಪಿಹೆಚ್ ತಾನಾಗಿಯೇ ಮೇಲೇರುತ್ತದೆ. ಆಸಿಡ್ ಮತ್ತು ಕ್ಲೋರಿನ್ ಮಾತ್ರ ಒಂದೇ ಬಕೆಟ್‌ಗೆ ಬೀಳಕೂಡದು. ಅದರಿಂದ ವಿಷಗಾಳಿ ಏಳುತ್ತದೆ.

ಮೋಟರ್ ಕೆಟ್ಟರೆ, ಪೈಪ್ ಸೋರಿದರೆ ಸರ್ವಿಸ್‌ನವರನ್ನೇ ಕರೆಯುತ್ತೇನೆ. ಮಾತ್ರೆಗೂ ನನ್ನ ಮನೆಯಲ್ಲಿ ಜಾಗವಿದೆ. ಊರಿಗೆ ಹೋಗುವಾಗ ತೇಲುವ ಡಬ್ಬಿಗೆ ಹಾಕಿ ಬಿಟ್ಟು ಹೋಗುತ್ತೇನೆ. ಹದಿನೈದು ದಿನಕ್ಕೆ ಸಯನ್ಯೂರಿಕ್ ಹೆಚ್ಚೆಂದರೆ 18 ಏರೀತು. ಹೊರಡುವ ಮೊದಲು 30 ಇತ್ತು ಅಂದರೆ ಅಷ್ಟು ತಡೆಯುತ್ತದೆ.