ಕೂಗುವ ಪ್ಯಾಂಟು, ಹಾರದ ವಿಮಾನ

ನನ್ನ ಪ್ಯಾಂಟು ವಿಮಾನ ನಿಲ್ದಾಣದಲ್ಲಿ ಮಾತ್ರ ಕೂಗುತ್ತದೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಮಾರುವವನು ನಾನು. ನಮ್ಮ ಮಾಲು ನಾವೇ ಹಾಕದಿದ್ದರೆ ಗಿರಾಕಿ ಏನಂದುಕೊಂಡಾನು? ಹಿತ್ತಾಳೆ ಗುಂಡಿ, ಕಬ್ಬಿಣದ ಜಿಪ್ಪು, ಜೇಬಿನ ಮೂಲೆಗೊಂದೊಂದು ರಿವೆಟ್. ಸೆಕ್ಯುರಿಟಿಯವರು ಹಲಗೆ ಮೇಲೆ ಹತ್ತಿಸಿ, ಹೊಲದ ಬೆದರುಬೊಂಬೆ ಹಾಗೆ ಕೈ ಅಗಲಿಸಿ ನಿಲ್ಲಿಸಿ, ಆ ಕೋಲು ಸೊಂಟದ ಹತ್ತಿರ ತಂದರೆ ಸಾಕು, ಕುಂಯ್ ಕುಂಯ್. 'ಜೇಬಲ್ಲಿ ಏನಿದೆ?' ಎಂದು ಹಿಂದಿಯಲ್ಲಿ ಕೇಳುತ್ತಾರೆ. 'ಜೇಬಲ್ಲಿ ಏನಿಲ್ಲ ಸಾರ್, ಕೂಗುತ್ತಿರುವುದು ಜೇಬೇ' ಎಂದು ನನ್ನ ಹರಕು ಹಿಂದಿಯಲ್ಲಿ ಹೇಳುತ್ತೇನೆ. ಅವರಿಗೆ ನಗು ಬರುವುದಿಲ್ಲ. ಪಾಪ, ದಿನಕ್ಕೆ ಎಷ್ಟು ಸೊಂಟ ನೋಡಿರುತ್ತಾರೋ.

ಪ್ಯಾಂಟಿನ ವಿಷಯದಲ್ಲಿ ಸೋತರೂ ಕಾಲಿನ ವಿಷಯದಲ್ಲಿ ನಾನೇ ರಾಜ. 2017ರ ಏಪ್ರಿಲ್‌ನಲ್ಲಿ ಶಿಮ್ಲಾದಲ್ಲಿ, ಸಣ್ಣ ಊರುಗಳಿಗೂ ಕಡಿಮೆ ದರದಲ್ಲಿ ವಿಮಾನ ಓಡಿಸುವ ಉಡಾನ್ ಯೋಜನೆಯ ಮೊದಲ ವಿಮಾನಕ್ಕೆ ಬಾವುಟ ತೋರಿಸಿದ ಪ್ರಧಾನಿಗಳು, ಹವಾಯಿ ಚಪ್ಪಲಿ ಹಾಕುವವರೂ ವಿಮಾನ ಹತ್ತಬೇಕು ಎಂದಿದ್ದರು. ನಾನು ಅದನ್ನು ಆದೇಶ ಎಂದೇ ತಿಳಿದೆ. 'ಶೂ ತೆಗೆಯಿರಿ' ಎಂದಾಗ ಸೂಟು ಹಾಕಿದವರು ಬಗ್ಗಿ ಲೇಸಿನ ಗಂಟಿನ ಜೊತೆ ಗುದ್ದಾಡುತ್ತಿರುತ್ತಾರೆ. ನಾನು ಚಪ್ಪಲಿಯನ್ನು ಟ್ರೇಗೆ ಒಗೆದು ಮುಂದೆ ನಡೆದಿರುತ್ತೇನೆ. ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ, ಅದೂ ಸುಮಾರು ಅರ್ಧ ಸೀಟಿಗೆ ಮಾತ್ರ ಎಂದು ಯೋಜನೆ ಹೇಳಿತ್ತು. ಆ ಅರ್ಧ ಸೀಟು ಯಾವ ಕಡೆ ಇರುತ್ತವೆ ಎಂದು ನಾನಿನ್ನೂ ಹುಡುಕುತ್ತಿದ್ದೇನೆ. ಚಪ್ಪಲಿಯಿಂದಂತೂ ಉಪಯೋಗ ಆಗಿದೆ.

ಅದೇ ವರ್ಷ ನಮ್ಮ ತೋರಣಗಲ್ಲಿನ ಹತ್ತಿರದ ವಿದ್ಯಾನಗರಕ್ಕೂ ಉಡಾನ್ ವಿಮಾನ ಬಂತು. ಊರಿಂದ 30 ಚಿಲ್ಲರೆ ಕಿಲೋಮೀಟರ್, ಅಷ್ಟೇ. ಮನೆ ಬಾಗಿಲಿಗೇ ವಿಮಾನ ಬಂತು ಎಂದು ಕುಣಿದೆವು. ಆದರೆ ನನಗೆ ಬಟ್ಟೆ ತರಲು ಹೋಗಬೇಕಿರುವುದು ಅಹಮದಾಬಾದಿಗೆ. ನನಗೆ ಬೇಕಾದ ದಿನ, ಬೇಕಾದ ಹೊತ್ತಿಗೆ, ಬೇಕಾದ ಊರಿಗೆ ಅಲ್ಲಿಂದ ದಾರಿ ಕೂಡಿಬರುವುದು ಗ್ರಹಣ ಹಿಡಿದಷ್ಟು ಅಪರೂಪ. ಇನ್ನು ಬಳ್ಳಾರಿಗೇ ಸ್ವಂತ ಏರ್‌ಪೋರ್ಟು ಚಾಗನೂರು-ಸಿರಿವಾರದ ಹೊಲಗಳಲ್ಲಿ ಬರುತ್ತದೆ ಎಂಬ ಮಾತು ನನ್ನ ಮಗ ಹುಟ್ಟುವ ಮೊದಲಿನದು. ಅವನಿಗೀಗ ಮೀಸೆ ಬರುತ್ತಿದೆ. ರಾಯಚೂರಿನಲ್ಲಿರುವ ನನ್ನ ಷಡ್ಡಕರು ತಮ್ಮ ಯರಮರಸ್ ಏರ್‌ಪೋರ್ಟಿನ ಮೇಲೆ ಬಾಜಿ ಕಟ್ಟಿದ್ದಾರೆ, ನಾನು ಚಾಗನೂರಿನ ಮೇಲೆ. ಇಬ್ಬರೂ ಸೇರಿ ಆ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ಬಡ್ಡಿಯಲ್ಲೇ ಒಂದು ಟಿಕೆಟ್ ಬರುತ್ತಿತ್ತು.

ಹಾಗಾಗಿ ನನ್ನ ವಿಮಾನಯಾನ ಶುರುವಾಗುವುದು ರೈಲಿನಲ್ಲಿ. ಅಹಮದಾಬಾದು ಇರುವುದು ಉತ್ತರಕ್ಕೆ. ನಾನು ಹಂಪಿ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿಯಿಡೀ ಅಪ್ಪರ್ ಬರ್ತಿನಲ್ಲಿ ಹೊರಳಾಡುತ್ತಾ, ದಕ್ಷಿಣಕ್ಕೆ 300 ಕಿಲೋಮೀಟರ್ ಮೇಲೆ ಹೋಗುತ್ತೇನೆ. ಬೆಳಿಗ್ಗೆ ಮೆಜೆಸ್ಟಿಕ್. ಅಲ್ಲಿಂದ ವಾಯುವಜ್ರ ಬಸ್ಸು ಹಿಡಿದು ದೇವನಹಳ್ಳಿ ಕಡೆಗೆ, ಅಂದರೆ ಬಂದ ದಿಕ್ಕಿಗೇ ವಾಪಸ್ಸು. ಮೂಗು ಹಿಡಿಯಲು ತಲೆ ಸುತ್ತಿ ಕೈ ತರುವುದು ಅಂತಾರಲ್ಲ, ಇಲ್ಲಿ ಕೈಗೆ ಟಿಕೆಟ್ಟೂ ತಗೋಬೇಕು.

ಕಳೆದ ಸಲ ನಮ್ಮ ಅತ್ತೆ ಖಡಕ್ ರೊಟ್ಟಿ, ಶೇಂಗಾ ಪುಡಿ, ಜೊತೆಗೆ ಒಂದು ಡಬ್ಬಿ ಕೆಂಪು ಖಾರ ಕಟ್ಟಿಕೊಟ್ಟಿದ್ದರು. ಇಲ್ಲಿಯ ನಿಯಮಗಳು ನನಗೆ ಮಗ್ಗಿಯಂತೆ ಬಾಯಿಪಾಠ. ಕೈಚೀಲ 7 ಕಿಲೋ, ದೊಡ್ಡ ಚೀಲ 15. ಪವರ್ ಬ್ಯಾಂಕು ಕೈಯಲ್ಲೇ ಇರಬೇಕು, ದೊಡ್ಡ ಚೀಲಕ್ಕೆ ಹಾಕಿದರೆ ತಪ್ಪು. ಒಣ ಕೊಬ್ಬರಿಯನ್ನು 2022ರಿಂದ ದೊಡ್ಡ ಚೀಲಕ್ಕೂ ಹಾಕುವಂತಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿದೀತು ಎಂದು. ಇಷ್ಟೆಲ್ಲ ಗೊತ್ತಿದ್ದವನು ಖಾರದ ಡಬ್ಬಿಯನ್ನು ಮಾತ್ರ ಮರೆತು ಕೈಚೀಲದಲ್ಲೇ ಬಿಟ್ಟಿದ್ದೆ. ಎಕ್ಸ್‌ರೇ ಹತ್ತಿರ ಕೂತಿದ್ದ ಸಿಬ್ಬಂದಿ ಡಬ್ಬಿ ಎತ್ತಿ, ಏನಿದು ಎಂದರು. ಚಟ್ನಿ ಎಂದೆ. ನಂಬದೆ ಮುಚ್ಚಳ ತೆಗೆದು ಮೂಗಿನ ಹತ್ತಿರ ಒಯ್ದರು. ಒಯ್ಯಬಾರದಿತ್ತು. ಕೆಮ್ಮಿದರು, ಕಣ್ಣೊರೆಸಿಕೊಂಡರು, ಮತ್ತೆ ಕೆಮ್ಮಿದರು. ಪಕ್ಕದವರು ನೀರಿನ ಬಾಟಲಿ ಕೊಟ್ಟರು. ಇದು ಆಯುಧವೇ ಎಂಬ ತೀರ್ಮಾನಕ್ಕೆ ಆಮೇಲೆ ಚರ್ಚೆ ಬೇಕಾಗಲಿಲ್ಲ. ನಿಜ ಹೇಳಬೇಕೆಂದರೆ ಅವರದು ತಪ್ಪಲ್ಲ. ನಮ್ಮ ಅತ್ತೆಯ ಖಾರ ತಿಂದು ಹದಿನೆಂಟು ವರ್ಷ ಆಯಿತು, ನನಗೂ ಅದೇ ಅನುಮಾನ ಇದೆ.

ಗೇಟಿನ ಹತ್ತಿರ ಹೋಗಿ ಕೂತರೆ ವಿಮಾನ 40 ನಿಮಿಷ ತಡ. ಅದು ಮುಗಿಯುವ ಹೊತ್ತಿಗೆ ಇನ್ನೊಂದು 40. ಎಪಿಎಂಸಿ ಹರಾಜಿನಲ್ಲಿ ಕೂಗಿದ ಹಾಗೆ ಏರುತ್ತಾ ಹೋಯಿತು. ಎರಡು ತಾಸು ತಡವಾದರೆ ತಿಂಡಿ ಕೊಡಬೇಕು ಎಂದು ನಿಯಮ ಇದೆ. ಅದಕ್ಕೇ ಇರಬೇಕು, ಒಂದು ತಾಸು ಐವತ್ತೈದು ನಿಮಿಷಕ್ಕೆ ಸರಿಯಾಗಿ ನಮ್ಮನ್ನು ಎಬ್ಬಿಸಿ ಸಾಲಿನಲ್ಲಿ ನಿಲ್ಲಿಸಿದರು. ನಿಂತೆವು. ಬಾಗಿಲು ತೆರೆಯಲಿಲ್ಲ. ಸಾಲಿನಲ್ಲಿ ನಿಂತವರು ಪ್ರಯಾಣ ಶುರು ಮಾಡಿದ ಲೆಕ್ಕವೋ ಏನೋ.

ಹಸಿವಾಗಿ ಕಾಫಿ ಕೇಳಿದೆ. 200 ದಾಟಿತ್ತು. 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾ ಏರ್‌ಪೋರ್ಟಿನಲ್ಲಿ 10 ರೂಪಾಯಿಗೆ ಚಹಾ ಕೊಡುವ ಅಂಗಡಿಯನ್ನು ಕೇಂದ್ರ ಸಚಿವರೇ ಬಂದು ಉದ್ಘಾಟಿಸಿದ್ದು ನೆನಪಾಯಿತು. ನಮ್ಮ ಯುನಿಟ್ಟಿನ ಎದುರಿಗಿರುವ ಡಬ್ಬಾ ಅಂಗಡಿಯಲ್ಲೂ ಚಹಾ 10 ರೂಪಾಯಿಯೇ. ಅಲ್ಲಿಗೆ ವಾರ್ಡ್ ಮೆಂಬರ್ ಕೂಡ ಟೇಪು ಕತ್ತರಿಸಲು ಬಂದಿಲ್ಲ, ಸಾಲದ ಚಹಾ ಕುಡಿಯಲು ಬರುತ್ತಾರೆ.

ಅಷ್ಟರಲ್ಲಿ ಮನೆಯಿಂದ ಫೋನು.

'ಅಲ್ರೀ, ಅಹಮದಾಬಾದು ಮುಟ್ಟಿದ್ರಾ?'

'ಇಲ್ಲ, ದೇವನಹಳ್ಳಿ.'

'ನಿನ್ನೆ ರಾತ್ರಿ ಉಂಡು ಹೋದೋರು ಇನ್ನಾ ದೇವನಹಳ್ಳೀನಾ? ಸುಮ್ನೆ ರೈಲಲ್ಲೇ ಹೋಗಿದ್ರೆ ಆಗ್ತಿರಲಿಲ್ವಾ?'

ಉತ್ತರ ಹೊಳೆಯದೆ, ಸಿಗ್ನಲ್ ಇಲ್ಲ ಎಂದೆ.

ಸುಖವೇ ಇಲ್ಲ ಎಂದರೆ ಪಾಪ ಬರುತ್ತದೆ. ಕೊನೆಗೂ ಕಿಟಕಿ ಸೀಟು ಸಿಕ್ಕಿತು. ಮೋಡದ ಮೇಲೆ ಬಂದ ಮೇಲೆ ಯಾರ ಫೋನೂ ಬರುವುದಿಲ್ಲ, ಸಾಲ ಕೊಟ್ಟವರದೂ ಬರುವುದಿಲ್ಲ. ರಾತ್ರಿಯಿಡೀ ದಕ್ಷಿಣಕ್ಕೆ ಬಂದ ದೂರವನ್ನು ಆ ಪುಣ್ಯಾತ್ಮ ಪೈಲಟ್ ಅರ್ಧ ತಾಸಿನಲ್ಲಿ ಉತ್ತರಕ್ಕೆ ತಿರುಗಿಸಿ ಕೊಟ್ಟುಬಿಟ್ಟ. ರೊಟ್ಟಿ ಮುರಿದು ಶೇಂಗಾ ಪುಡಿ ಹಚ್ಚಿದೆ. ಲಟಕ್ ಎಂಬ ಸದ್ದಿಗೆ ಮುಂದಿನ ಸೀಟಿನ ಮಗು ತಿರುಗಿ ನೋಡಿತು. ಅದಕ್ಕೂ ಒಂದು ತುಂಡು ಕೊಟ್ಟೆ. ಇಳಿಯುವ ತನಕ ಅದನ್ನೇ ಕಡಿಯುತ್ತಾ ಕೂತಿತ್ತು, ಅಳಲಿಲ್ಲ.

ಪಕ್ಕದಲ್ಲಿದ್ದವರು ಸೂರತ್ತಿನ ಬಟ್ಟೆ ವ್ಯಾಪಾರಿ. ನನ್ನ ಪ್ಯಾಂಟಿನ ಹೊಲಿಗೆಯನ್ನೇ ನೋಡುತ್ತಿದ್ದರು. ಎಲ್ಲಿಯದು ಎಂದು ಕೇಳಿದರು. ಬಳ್ಳಾರಿ ಎಂದೆ, ರೇಟು ಹೇಳಿದೆ. ಕಾರ್ಡು ತಗೊಂಡರು. ವಿಮಾನ ಇಳಿದು ಎಲ್ಲರೂ ಎದ್ದು ನಿಂತಾಗ, ಮುಂದಿನ ವಾರವೇ ಬರುತ್ತೇನೆ, ಬೆಂಗಳೂರಿನಿಂದ ನಿಮ್ಮ ಊರಿಗೆ ಯಾವುದರಲ್ಲಿ ಬಂದರೆ ಒಳ್ಳೆಯದು ಎಂದರು.

'ಹಂಪಿ ಎಕ್ಸ್‌ಪ್ರೆಸ್' ಎಂದೆ.

ಅವರು ಫೋನ್ ತೆಗೆದು ವಿಮಾನದ ಆ್ಯಪ್‌ನಲ್ಲಿ ಆ ಕಂಪನಿಯನ್ನು ಹುಡುಕತೊಡಗಿದರು.