ಕಮಾನು ಸಿದ್ಧವಾಗಿದೆ, ರೈಲೊಂದು ಬಾಕಿ

ಒಹಾಯೋ ರಾಜಧಾನಿ ಕೊಲಂಬಸ್ಸಿಗೆ ರೈಲು ಬರುತ್ತದಂತೆ. ಹೌದು, ಮತ್ತೆ ಅದೇ ಸುದ್ದಿ. 2023ರ ಡಿಸೆಂಬರಿನಲ್ಲಿ ಫೆಡರಲ್ ಸರ್ಕಾರ ಕ್ಲೀವ್‌ಲ್ಯಾಂಡ್, ಕೊಲಂಬಸ್, ಡೇಟನ್, ಸಿನ್ಸಿನಾಟಿಗಳನ್ನು ಜೋಡಿಸುವ ಮಾರ್ಗಕ್ಕೆ 5 ಲಕ್ಷ ಡಾಲರ್ ಮಂಜೂರು ಮಾಡಿದ್ದು ಎಲ್ಲರಿಗೂ ಗೊತ್ತು. ಷಿಕಾಗೊದಿಂದ ಕೊಲಂಬಸ್ ಮೇಲೆ ಹಾದು ಪಿಟ್ಸ್‌ಬರ್ಗಿಗೆ ಹೋಗುವ ಇನ್ನೊಂದು ಮಾರ್ಗಕ್ಕೂ ಅಷ್ಟೇ ದುಡ್ಡು. ಅವತ್ತಿನಿಂದ ಪತ್ರಿಕೆಗಳ ಮೂಲೆಯಲ್ಲಿ ಈ ರೈಲು ಆಗಾಗ ಕೂಗು ಹಾಕುತ್ತಲೇ ಇದೆ.

5 ಲಕ್ಷ ಡಾಲರಿಗೆ ಬೋಗಿಯ ಬಾಗಿಲೂ ಬರುವುದಿಲ್ಲ ಎಂದು ಮೂಗು ಮುರಿಯಬೇಡಿ. ಆ ಹಣ ಬಾಗಿಲಿಗಲ್ಲ. ಹಳಿಗೂ ಅಲ್ಲ. ಅಧ್ಯಯನಕ್ಕೂ ಅಲ್ಲ ಸ್ವಾಮಿ! ಮುಂದೆ ಮಾಡಬೇಕಾದ ಅಧ್ಯಯನದ ವ್ಯಾಪ್ತಿ ಎಷ್ಟು, ವೇಳಾಪಟ್ಟಿ ಏನು, ಅದಕ್ಕೆ ಖರ್ಚೆಷ್ಟು ಎಂದು ಗೊತ್ತುಮಾಡಿಕೊಳ್ಳಲಿಕ್ಕೆ ಈ ಹಣ. ಇದು ಮೊದಲ ಹಂತ. ಎರಡನೆಯ ಹಂತದಲ್ಲಿ ನಿಜವಾದ ಯೋಜನಾ ವರದಿ. ಮೂರನೆಯದರಲ್ಲಿ ಪ್ರಾಥಮಿಕ ಎಂಜಿನಿಯರಿಂಗು, ಪರಿಸರದ ಪರಿಶೀಲನೆ. ಇಷ್ಟೆಲ್ಲ ಆದಮೇಲೂ ಯಾರಾದರೂ ಬದುಕಿದ್ದರೆ, ಹಳಿ ಹಾಕಲು ದುಡ್ಡು ಯಾರು ಕೊಡುತ್ತಾರೆ ಎಂಬ ಚರ್ಚೆ ಶುರುವಾಗುತ್ತದೆ.

ನನ್ನ ಖುಷಿಗೆ ಕಾರಣ ಬೇರೆ. ಜಗತ್ತಿನಲ್ಲಿ ಎಲ್ಲರೂ ಮೊದಲು ರೈಲು ತಂದು ಆಮೇಲೆ ನಿಲ್ದಾಣಕ್ಕೆ ಕಮಾನು ಕಟ್ಟಿಸುತ್ತಾರೆ. ಕೊಲಂಬಸ್ಸಿನಲ್ಲಿ ಕಮಾನು ಆಗಲೇ ಸಿದ್ಧವಾಗಿ ನಿಂತಿದೆ. ಅರೀನಾ ಡಿಸ್ಟ್ರಿಕ್ಟಿನ ಮೆಕ್‌ಫರ್ಸನ್ ಕಾಮನ್ಸ್ ಎಂಬ ಪಾರ್ಕಿಗೆ ಹೋಗಿ ನೋಡಿ. ಹುಲ್ಲುಹಾಸಿನ ತುದಿಯಲ್ಲಿ ಒಂಟಿ ಕಮಾನು. ಈ ಕಡೆಯಿಂದ ಒಳಗೆ ಹೋದರೆ ಪಾರ್ಕು, ಆ ಕಡೆಯಿಂದ ಹೊರಗೆ ಬಂದರೂ ಪಾರ್ಕು. ಮದುವೆ ಫೋಟೊಗೆ ಬಹಳ ಒಳ್ಳೆಯ ಜಾಗ.

ಅದು ಯೂನಿಯನ್ ಸ್ಟೇಷನ್ನಿನ ಮುಂಭಾಗದ ಕಮಾನುಸಾಲಿನಲ್ಲಿ ಉಳಿದ ಒಂದು ತುಣುಕು. ಸ್ಟೇಷನ್ನಿನ ವಿನ್ಯಾಸ ಡೇನಿಯಲ್ ಬರ್ನ್‌ಹ್ಯಾಮನದು. ಕೊಲಂಬಸ್ ಎಂಬ ನಾವಿಕ ಅಮೆರಿಕ ಮುಟ್ಟಿದ 400ನೆಯ ವರ್ಷದ ನೆಪದಲ್ಲಿ 1893ರಲ್ಲಿ ಷಿಕಾಗೊದಲ್ಲಿ ನಡೆದ ವಿಶ್ವಮೇಳದ ಕಟ್ಟಡಗಳ ಉಸ್ತುವಾರಿ ಹೊತ್ತಿದ್ದವನು ಅವನೇ. 1897ರಲ್ಲಿ ಸ್ಟೇಷನ್ ಶುರುವಾಯಿತು. 1974ರಲ್ಲಿ ಆ ಕಮಾನುಸಾಲು ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೂ ಸೇರಿತು. ಪಟ್ಟಿಗೆ ಸೇರಿದ ಎರಡೇ ವರ್ಷಕ್ಕೆ, 1976ರ ಅಕ್ಟೋಬರಿನಲ್ಲಿ, ಅದನ್ನು ಒಡೆಯಲು ಯಂತ್ರಗಳು ಬಂದವು. ಅಮೆರಿಕ ತನ್ನ ಇನ್ನೂರನೆಯ ಹುಟ್ಟುಹಬ್ಬ ಆಚರಿಸುತ್ತಿದ್ದ ವರ್ಷ ಅದು. ದೇಶದ ತುಂಬ ಇತಿಹಾಸದ ಮೆರವಣಿಗೆ. ಕೋರ್ಟಿನ ತಡೆಯಾಜ್ಞೆ ಬರುವಷ್ಟರಲ್ಲಿ ಉಳಿದಿದ್ದು ಒಂದೇ ಕಮಾನು. ತಡೆಯಾಜ್ಞೆಗೂ ಒಂದು ವ್ಯಾಪ್ತಿ ಬೇಕಲ್ಲ!

ಸ್ಟೇಷನ್ ಹೋದ ಜಾಗದಲ್ಲಿ ಈಗ ಕನ್ವೆನ್ಷನ್ ಸೆಂಟರ್ ಇದೆ. ಅದರ ಬಹುಭಾಗ 1993ರಲ್ಲಿ ತೆರೆದದ್ದು, ವಿನ್ಯಾಸ ಪೀಟರ್ ಐಸೆನ್‌ಮನ್ ಅವರದು. ಮೇಲಿನಿಂದ ನೋಡಿದರೆ ಉದ್ದುದ್ದ ಪಟ್ಟಿಗಳು ಒಂದರ ಪಕ್ಕ ಒಂದು ಬಳುಕಿಕೊಂಡು ಹೋಗಿವೆ. ಅದು ಒಂದು ಕಾಲದಲ್ಲಿ ಅಲ್ಲಿದ್ದ ರೈಲು ಹಳಿಗಳ ಸ್ಮರಣೆಯಂತೆ. ಹಾಗಾದರೆ ಲೆಕ್ಕ ಹಾಕಿ: ಹಳಿಗಳ ಸ್ಮರಣೆ ಒಂದು ಕಡೆ, ಕಮಾನಿನ ಸ್ಮರಣೆ ಇನ್ನೊಂದು ಕಡೆ. ಪಾರ್ಕಿನ ಪಕ್ಕದ ವಸತಿ ಸಮುಚ್ಚಯಕ್ಕೆ ಬರ್ನ್‌ಹ್ಯಾಮ್ ಸ್ಕ್ವೇರ್ ಎಂದು ವಾಸ್ತುಶಿಲ್ಪಿಯ ಹೆಸರನ್ನೂ ಇಟ್ಟಾಗಿದೆ. ಸಾಲದ್ದಕ್ಕೆ, ಪೇಟೆಯನ್ನೂ ಅದರ ಉತ್ತರಕ್ಕಿರುವ ಷಾರ್ಟ್ ನಾರ್ತ್ ಬಡಾವಣೆಯನ್ನೂ ಸೀಳಿಕೊಂಡು ಹೋದ ಐ-670 ಹೆದ್ದಾರಿಯ ಮೇಲೆ 2004ರಲ್ಲಿ ಒಂದು ಮುಚ್ಚಳ ಕಟ್ಟಿದರು. ಸೇತುವೆಯ ಎರಡೂ ಬದಿಗೆ ಅಂಗಡಿ, ಹೋಟೆಲು, ಕಂಬಸಾಲು. ಕಂಬಗಳೆಲ್ಲ ಥೇಟ್ ಹಳೆಯ ಸ್ಟೇಷನ್ನಿನ ಕಮಾನುಸಾಲಿನ ಮಾದರಿಯವು. ಹೆಸರು ‘ಕ್ಯಾಪ್ ಅಟ್ ಯೂನಿಯನ್ ಸ್ಟೇಷನ್’. ಅಸಲಿಯನ್ನು ಒಡೆದು ಇಪ್ಪತ್ತೆಂಟು ವರ್ಷವಾದ ಮೇಲೆ ಅದರ ಮುಖದ ಅಚ್ಚನ್ನು ಹೆದ್ದಾರಿಯ ಮೇಲೆ ಕೂರಿಸಿ, ಅದಕ್ಕೆ ನಗರಾಭಿವೃದ್ಧಿಯ ಪ್ರಶಸ್ತಿ ಭಾಷಣಗಳು. ಇಷ್ಟೆಲ್ಲದರ ನಡುವೆ ರೈಲು ಒಂದನ್ನು ಮಾತ್ರ ಯಾರೂ ಪುನರ್‌ನಿರ್ಮಿಸಲಿಲ್ಲ. ದೇಶದ ಪ್ರಯಾಣಿಕ ರೈಲು ಸಂಸ್ಥೆಯಾದ ಆಮ್‌ಟ್ರಾಕಿನ ಕೊನೆಯ ಗಾಡಿ ಇಲ್ಲಿಂದ ಹೊರಟದ್ದು 1979ರಲ್ಲಿ.

ನಡುವೆ ಬರುವ ಅವಕಾಶವೂ ಇತ್ತು. ಒಬಾಮಾ ಸರ್ಕಾರ ಇದೇ ಕ್ಲೀವ್‌ಲ್ಯಾಂಡ್-ಸಿನ್ಸಿನಾಟಿ ಮಾರ್ಗಕ್ಕೆ 40 ಕೋಟಿ ಡಾಲರ್ ಕೊಟ್ಟಿತ್ತು. 2010ರಲ್ಲಿ ಗವರ್ನರ್ ಆಗಿ ಆಯ್ಕೆಯಾದ ಜಾನ್ ಕೇಸಿಕ್ ಬೇಡವೆಂದರು. ಈ ರೈಲಿನ ಸರಾಸರಿ ವೇಗ ಗಂಟೆಗೆ 39 ಮೈಲಿ, ಯಾರಿಗೆ ಬೇಕು ಎಂಬ ಗೇಲಿ ಆಗ ರಾಜ್ಯದಲ್ಲೆಲ್ಲ ಓಡಾಡಿತು, ರೈಲಿಗಿಂತ ಜೋರಾಗಿ. ದುಡ್ಡು ಬೇರೆ ರಾಜ್ಯಗಳ ಪಾಲಾಯಿತು. ಈಗ 40 ಕೋಟಿ ಬಿಟ್ಟವರ ಊರಿನಲ್ಲಿ 5 ಲಕ್ಷಕ್ಕೆ ಪತ್ರಿಕಾಗೋಷ್ಠಿ. ಇವತ್ತಿಗೂ ಕೊಲಂಬಸ್ಸಿನವನಿಗೆ ರೈಲು ಹತ್ತುವ ಆಸೆಯಾದರೆ ಕಾರು ಓಡಿಸಿಕೊಂಡು ಕ್ಲೀವ್‌ಲ್ಯಾಂಡಿಗೆ ಹೋಗಬೇಕು. ಅಲ್ಲಿ ರೈಲುಗಳು ಬರುವುದು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ. ಅಥವಾ ಸಿನ್ಸಿನಾಟಿಗೆ ಹೋಗಬಹುದು. ಅಲ್ಲಿ 1933ರ ಭವ್ಯ ಯೂನಿಯನ್ ಟರ್ಮಿನಲ್ ಅರ್ಧಗೋಳದ ಮುಖ ಹೊತ್ತು ಇನ್ನೂ ನಿಂತಿದೆ. ಒಳಗೆ ಮ್ಯೂಸಿಯಂ. ವಾರಕ್ಕೆ ಮೂರು ಸಲ ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಕಾರ್ಡಿನಲ್ ಎಂಬ ಒಂದು ಗಾಡಿ ಬಂದು ಹೋಗುತ್ತದೆ. ಸಿನ್ಸಿನಾಟಿಯವರು ಅದನ್ನೇ ದೊಡ್ಡದು ಮಾಡಿ ಹೇಳುತ್ತಾರೆ. ಹೇಳಿಕೊಳ್ಳಲಿ ಬಿಡಿ, ಹೇಳಲು ಏನೋ ಒಂದು ಇದೆಯಲ್ಲ.

ಕೊಲಂಬಸ್ಸಿಗೆ ಕೌಟೌನ್ ಎಂದು ಒಂದು ಹಳೆಯ ಅಡ್ಡಹೆಸರಿದೆ. 2020ರ ಜನಗಣತಿಯಲ್ಲಿ 9 ಲಕ್ಷ ದಾಟಿದ, ದೇಶದಲ್ಲೇ 14ನೆಯ ದೊಡ್ಡ ನಗರವನ್ನು ದನದ ಊರು ಎಂದರೆ ಇಲ್ಲಿನವರಿಗೆ ಸಿಟ್ಟು ಬರುತ್ತದೆ. ನನಗಂತೂ ಆ ಹೆಸರೇ ಸರಿಯೆನಿಸುತ್ತದೆ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂಬ ಗಾದೆ ಇಷ್ಟು ಚೆನ್ನಾಗಿ ಒಪ್ಪುವ ಊರು ಇನ್ನೊಂದಿಲ್ಲ.

ಈ ಚಾಳಿ ಇತ್ತೀಚಿನದೇನಲ್ಲ. 1812ರಲ್ಲಿ ಊರು ಹುಟ್ಟಿದಾಗ ಈಗಿನ ಹೈ ಸ್ಟ್ರೀಟಿನ ದಂಡೆಯಲ್ಲಿ ಮೂಲನಿವಾಸಿಗಳು ಕಟ್ಟಿದ ದೊಡ್ಡ ಮಣ್ಣಿನ ದಿಬ್ಬವೊಂದಿತ್ತು. 1830ರ ದಶಕದ ಹೊತ್ತಿಗೆ ಅದನ್ನು ಅಗೆದು ಸಮ ಮಾಡಿ, ಮಣ್ಣನ್ನು ಇಟ್ಟಿಗೆಗೆ ಬಳಸಿಕೊಂಡರು. ರಸ್ತೆಗೆ ಮೌಂಡ್ ಸ್ಟ್ರೀಟ್ ಎಂದು ಹೆಸರಿಟ್ಟರು. ಪಾಪ, ಮರೆತುಬಿಡುವ ಜನ ಅಲ್ಲ.

ಊರಿಗೆ ಹೆಸರು ಕೊಟ್ಟ ಮಹಾಶಯನ ಗತಿಯೂ ಇದೇ, ಸ್ವಲ್ಪ ತಿರುವುಮುರುವು. ಕೊಲಂಬಸ್ ಒಹಾಯೋದ ದಿಕ್ಕಿಗೆ ಕಾಲಿಟ್ಟವನಲ್ಲ. ಆದರೂ 1955ರಲ್ಲಿ ಜಿನೋವಾ ನಗರ ಉಡುಗೊರೆ ಕೊಟ್ಟ ಅವನ ಪ್ರತಿಮೆ ಸಿಟಿ ಹಾಲ್ ಮುಂದೆ ನಿಂತಿತ್ತು. 1991ರಲ್ಲಿ ಅವನ ಹಡಗು ಸಾಂತಾ ಮರಿಯಾದ ಪೂರ್ಣ ಗಾತ್ರದ ಪ್ರತಿಕೃತಿ ಮಾಡಿ ಸಯೋಟೊ ನದಿಯಲ್ಲಿ ಕಟ್ಟಿಹಾಕಿದರು. ಯಾವ ದಿಕ್ಕಿಗೆ ನೋಡಿದರೂ ಸಮುದ್ರ ನೂರಾರು ಮೈಲಿ ದೂರ. ಮಕ್ಕಳು ಹತ್ತಿ ಇಳಿದರು, ಮರ ಕೊಳೆಯಿತು. 2014ರಲ್ಲಿ ನದಿದಂಡೆಯನ್ನು ಚಂದ ಮಾಡಬೇಕೆಂದು ಹಡಗನ್ನು ತುಂಡು ಮಾಡಿ ಎತ್ತಿ ಒಯ್ದರು. 2020ರ ಜುಲೈ 1ರಂದು ಪ್ರತಿಮೆಯನ್ನೂ ಇಳಿಸಿದರು. ಇಳಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಊರಿನ ಹೆಸರು ಮಾತ್ರ ಹಾಗೇ ಇದೆ, ಲೆಟರ್‌ಹೆಡ್ ಬದಲಿಸುವ ಖರ್ಚು ಯಾರಿಗೆ ಬೇಕು!

ನಮ್ಮವರು ತುಂಬಿಕೊಂಡಿರುವ ಡಬ್ಲಿನ್ ಉಪನಗರಕ್ಕೆ ಬನ್ನಿ. ಅಲ್ಲಿ ಫ್ರಾಂಟ್ಸ್ ರಸ್ತೆಯ ಪಕ್ಕ ಆಳೆತ್ತರದ 109 ಜೋಳದ ತೆನೆಗಳು ಸಾಲಾಗಿ ನಿಂತಿವೆ. ಎಲ್ಲವೂ ಕಾಂಕ್ರೀಟಿನವು. ಒಂದು ಕಾಲದಲ್ಲಿ ಹೈಬ್ರಿಡ್ ಜೋಳ ಬೆಳೆಯುತ್ತಿದ್ದ ಹೊಲ ಅದು. ಸುತ್ತ ಆಫೀಸುಗಳೆದ್ದ ಮೇಲೆ, 1994ರಲ್ಲಿ, ಹೋದ ಬೇಸಾಯದ ನೆನಪಿಗೆ ಕಲಾವಿದ ಮಾಲ್ಕಮ್ ಕಾಕ್ರನ್ ಕೈಯಲ್ಲಿ ಈ ತೆನೆಗಳನ್ನು ಮಾಡಿಸಿದರು. ಕಲೆ ಎಂದು ನೋಡಿದರೆ ನನಗೆ ನಿಜಕ್ಕೂ ಇಷ್ಟ. ಆ ಬಿಳಿ ತೆನೆಗಳ ಸಾಲಿನಲ್ಲಿ ಸ್ಮಶಾನದ ಗಾಂಭೀರ್ಯವಿದೆ, ಕಲಾವಿದ ಏನೂ ಮುಚ್ಚಿಟ್ಟಿಲ್ಲ. ಊರಿನಿಂದ ಅಪ್ಪ-ಅಮ್ಮ ಬಂದಾಗ ನಾವೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಹಾವೇರಿ ಕಡೆಯ ಹಿರಿಯರೊಬ್ಬರು ಒಂದು ತೆನೆಯನ್ನು ಬೆರಳಿನಿಂದ ಕುಟ್ಟಿ ನೋಡಿ, “ಗೋವಿನಜೋಳ ಛಲೋ ಬಂದೇತಿ. ಕ್ವಿಂಟಲಿಗೆ ಏನು ರೇಟು ಹಚ್ಚತಾರ?” ಎಂದರು. ಮೊಮ್ಮಗ ನಕ್ಕ. ಅವರು ನಗಲಿಲ್ಲ. ಸುತ್ತಲಿನ ಗಾಜಿನ ಕಟ್ಟಡಗಳನ್ನು ನೋಡಿ, ಇಷ್ಟು ಕರಿ ಮಣ್ಣಿನಲ್ಲಿ ಇದನ್ನು ಕಟ್ಟಲು ಇವರಿಗೆ ಹೇಗೆ ಮನಸ್ಸು ಬಂತು ಎಂದು ಕೇಳಿದರು. ಆ ಗಾಜಿನ ಕಟ್ಟಡಗಳಲ್ಲೊಂದರಲ್ಲಿ ಕೂತು ಮಗ ಸಾಫ್ಟ್‌ವೇರ್ ಬರೆಯುತ್ತಾನೆ. ಯಾರೂ ಉತ್ತರ ಕೊಡಲಿಲ್ಲ.

ಇಲ್ಲಿಯವರೆಗೆ ನಗಬಹುದು. ಕಮಾನು, ಹಡಗು, ತೆನೆ, ಎಲ್ಲವೂ ನಗುವಿನ ಸರಕು. ಫ್ಲೈಟೌನ್ ವಿಷಯಕ್ಕೆ ಬಂದರೆ ನಗು ಗಂಟಲಲ್ಲೇ ನಿಲ್ಲುತ್ತದೆ.

ಪೇಟೆಯ ವಾಯುವ್ಯಕ್ಕಿದ್ದ ಫ್ಲೈಟೌನ್ ಹೊಸದಾಗಿ ಊರಿಗೆ ಬಂದವರು ಮೊದಲು ತಂಗುತ್ತಿದ್ದ ಕೇರಿ. ಐರಿಷ್ ಜನ, ಇಟಾಲಿಯನ್ನರು, ದಕ್ಷಿಣದಿಂದ ಬಂದ ಕಪ್ಪು ಜನ. ಕೆಲಸ ಹುಡುಕಿಕೊಂಡು ಬಂದು ಅಗ್ಗದ ಬಾಡಿಗೆ ನೋಡುವವರು, ಅಂದರೆ ಇವತ್ತು ಡಬ್ಲಿನ್ನಿನಲ್ಲಿರುವ ನಮ್ಮದೇ ಹಿಂದಿನ ಬ್ಯಾಚಿನವರು. 1950ರ ದಶಕದ ಕೊನೆಯಿಂದ ಅದನ್ನು ಕೊಳೆಗೇರಿ ಎಂದು ಕರೆದು ಗುಡಿಸಿಹಾಕಿದರು. ಒಂದು ಪಾಲು ಎಕ್ಸ್‌ಪ್ರೆಸ್‌ವೇಗೆ ಹೋಯಿತು. ಇನ್ನೊಂದು ಪಾಲಿನಲ್ಲಿ ಅಪಾರ್ಟ್‌ಮೆಂಟುಗಳೆದ್ದವು, ಹೆಸರು ಥರ್ಬರ್ ವಿಲೇಜ್. 1894ರಲ್ಲಿ ಇದೇ ಊರಲ್ಲಿ ಹುಟ್ಟಿದ ಜೇಮ್ಸ್ ಥರ್ಬರನ ಹೆಸರು ಅದು. ಸಾವಿರಾರು ಜನರನ್ನು ಎಬ್ಬಿಸಿದ ಜಾಗಕ್ಕೆ ಒಬ್ಬ ಹಾಸ್ಯಲೇಖಕನ ಹೆಸರು! ಇದನ್ನು ಯಾರೋ ಬೇಕೆಂದೇ ಮಾಡಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

ಪೂರ್ವಕ್ಕೆ ಹ್ಯಾನ್‌ಫರ್ಡ್ ವಿಲೇಜ್. ಎರಡನೆಯ ಮಹಾಯುದ್ಧ ಮುಗಿಸಿ ಬಂದ ಕಪ್ಪು ಯೋಧರಿಗೆ ಎಂದು ಮನೆಗಳನ್ನು ಕಟ್ಟಿದ ಬಡಾವಣೆ. ಬೇರೆ ಕಡೆ ಅವರಿಗೆ ಮನೆ ಮಾರುತ್ತಿರಲಿಲ್ಲ. 1960ರ ದಶಕದಲ್ಲಿ ಐ-70 ಅದರ ನಡುವೆಯೇ ಹಾದುಹೋಯಿತು. ಕಪ್ಪು ಜನರ ಇನ್ನೊಂದು ಕೇರಿಯಾದ ಬ್ರಾನ್ಜ್‌ವಿಲ್‌ಗೂ ಪೇಟೆಗೂ ನಡುವೆ ಐ-71 ಕೊರೆಯಿತು. ಮನೆ ಹೋಯಿತು, ಅಂಗಡಿ ಹೋಯಿತು, ನಾಲ್ಕು ಹೆಜ್ಜೆಯ ಪೇಟೆ ದೂರವಾಯಿತು. ಅರ್ಧ ಶತಮಾನ ಕಳೆದು, 2014ರಲ್ಲಿ, ಲಾಂಗ್ ಸ್ಟ್ರೀಟಿನಲ್ಲಿ ಆ ಹೆದ್ದಾರಿಯ ಮೇಲೆ ಅಗಲವಾದ ಸೇತುವೆ ಬಂತು. ಅದರ ಉದ್ದಕ್ಕೂ ಒಂದು ಗೋಡೆ. ಗೋಡೆಯ ಮೇಲೆ ಬ್ರಾನ್ಜ್‌ವಿಲ್ಲಿನ ಜನರ, ಸಂಗೀತಗಾರರ, ಅಲ್ಲಿನ ಬದುಕಿನ ಚಿತ್ರಗಳು.

ಚೆನ್ನಾಗಿದೆ. ನಿಜಕ್ಕೂ ಚೆನ್ನಾಗಿದೆ. ಆದರೆ ನನಗೆ ಇದೆಲ್ಲ ಸಾಕಾಗಿದೆ. ಷಾರ್ಟ್ ನಾರ್ತಿನವರಿಗೆ ಹೆದ್ದಾರಿಯ ಸದ್ದು ಕೇಳಿಸಬಾರದೆಂದು ಹೋಟೆಲು ಅಂಗಡಿಗಳಿರುವ ಮುಚ್ಚಳ. ಮನೆ ಕಳೆದುಕೊಂಡವರಿಗೆ ಅವರದೇ ಭಾವಚಿತ್ರ. ಒಬ್ಬನ ಮನೆಯನ್ನು ಸರ್ಕಾರದ ನಕ್ಷೆಯ ಮೇಲೆ ಗೆರೆ ಎಳೆದು ಕಿತ್ತುಕೊಂಡು, ಅವನು ಸತ್ತಮೇಲೆ ಮೊಮ್ಮಕ್ಕಳನ್ನು ಸೇತುವೆಯ ಉದ್ಘಾಟನೆಗೆ ಕರೆಯುವುದಕ್ಕೆ ಪರಂಪರೆಯ ರಕ್ಷಣೆ ಎಂದು ಹೆಸರು ಕೊಡಬೇಡಿ. ಅದು ರಸೀದಿ. ಅದೂ ದುಡ್ಡು ಕೊಡದೆ ಬರೆದ ರಸೀದಿ.

ಇರಲಿ. ಅಭಿವೃದ್ಧಿಗೆ ಅಡ್ಡ ಬರುವವರಲ್ಲ ನಾವು, ಅದರ ಅನ್ನ ಉಣ್ಣುವವರು. 2050ರ ಹೊತ್ತಿಗೆ ಈ ಪ್ರದೇಶಕ್ಕೆ ಇನ್ನೂ 10 ಲಕ್ಷ ಜನ ಬರಬಹುದು ಎಂದು ಯೋಜಕರು ಹೇಳುತ್ತಿದ್ದಾರೆ. ಅದರಲ್ಲಿ ನಮ್ಮ ಭಾವಮೈದುನರೂ ಇರುತ್ತಾರೆ. ಅವರಲ್ಲಿ ಕೆಲವರು ಈಗಾಗಲೇ ಲಿಕಿಂಗ್ ಕೌಂಟಿಯ ಕಡೆ ಸೈಟಿನ ಬೆಲೆ ವಿಚಾರಿಸುತ್ತಿದ್ದಾರೆ, ಇಂಟೆಲ್ ಬರುತ್ತದಲ್ಲ ಎಂದು. 2022ರ ಜನವರಿಯಲ್ಲಿ ಘೋಷಣೆಯಾಯಿತು: 2,000 ಕೋಟಿ ಡಾಲರ್, ಸುಮಾರು ಸಾವಿರ ಎಕರೆ ಹೊಲ, 2025ಕ್ಕೆ ಚಿಪ್ ತಯಾರಿ. ಪ್ರೆಸಿಡೆಂಟ್ ಬೈಡನ್ ಅದೇ ವರ್ಷ ಬಂದು ಹೋದರು. ಹೊಲದವರು ಮಾರಿ ಹೊರಟರು. 2025ರ ಫೆಬ್ರುವರಿಯಲ್ಲಿ ಇಂಟೆಲ್ ತಿಳಿಸಿತು, ಮೊದಲ ಕಾರ್ಖಾನೆ ಮುಗಿಯುವುದು 2030ಕ್ಕೆ, ಚಿಪ್ ಹೊರಬರುವುದು 2030 ಅಥವಾ 2031ಕ್ಕೆ ಎಂದು.

ಆ ಹೊಲಗಳಲ್ಲಿದ್ದ ತೋಟದ ಮನೆಗಳನ್ನು ಒಡೆಯುವ ಕೆಲಸವೊಂದು ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಮುಗಿದಿದೆ. ಒಂದಾದರೂ ಬಾಗಿಲಿನ ಚೌಕಟ್ಟನ್ನು ಎತ್ತಿಟ್ಟಿದ್ದಾರೋ ಇಲ್ಲವೋ. ಎತ್ತಿಡದಿದ್ದರೆ 2076ರಲ್ಲಿ ಪಾರ್ಕು ಮಾಡುವವರಿಗೆ ಬಹಳ ತೊಂದರೆ.